ಮಾತು ತಿದ್ದುವ ವಿದ್ಯೆ ಮೈಸೂರಿಗೆ ಬಂದ ಬಗೆ

ಮಗುವಿಗೆ ಮಾತು ತಡವಾದರೆ ನಮ್ಮ ಅಜ್ಜಿಯರು ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಿದ್ದರು, ಮನೆದೇವರಿಗೆ ಹರಕೆ ಹೊರುತ್ತಿದ್ದರು. ನಾಗಪುರಕ್ಕೆ ಬಂದು ನೆಲೆಸಿದ ನಮ್ಮಂಥವರಿಗೆ ಇವುಗಳ ಜೊತೆಗೆ ಮೂರನೆಯದೊಂದು ಸಲಹೆಯೂ ಸಿಗುತ್ತದೆ: "ಮನೆಯಲ್ಲಿ ಕನ್ನಡ ನಿಲ್ಲಿಸಿಬಿಡಿ, ಮಗುವಿಗೆ ಗೊಂದಲವಾಗುತ್ತಿದೆ." ಹೇಳುವವರು ಮಗುವಿನ ಹಿತ ಬಯಸುವ ಶಿಕ್ಷಕಿಯರೇ. ಆದರೆ ಈ ಸಲಹೆಗೆ ಆಧಾರವೇನು? ಇದನ್ನು ತಿಳಿಯಹೊರಟರೆ ಮಾತಿನ ತೊಂದರೆಗಳನ್ನು ಶಾಸ್ತ್ರೀಯವಾಗಿ ನೋಡುವ ವಿದ್ಯೆ ನಮ್ಮ ದೇಶದಲ್ಲಿ ಬೇರೂರಿದ ಕಥೆಯನ್ನು ಸ್ವಲ್ಪ ತಿಳಿಯಬೇಕು.

ಕಿವುಡ ಮಕ್ಕಳ ಶಾಲೆಗಳು ನಮ್ಮಲ್ಲಿ ಹಳೆಯವು. ಮುಂಬಯಿಯಲ್ಲಿ 1880ರ ದಶಕದಲ್ಲಿ, ಕಲ್ಕತ್ತೆಯಲ್ಲಿ 1893ರಲ್ಲಿ, ಮೈಸೂರಿನಲ್ಲಿ 1901ರಲ್ಲಿ ಇಂಥ ಶಾಲೆಗಳು ಹುಟ್ಟಿದವು. ನಮ್ಮ ಶಂಕರನಗರದ ಮೂಕ-ಬಧಿರ ವಿದ್ಯಾಲಯವನ್ನು ನೀವೆಲ್ಲ ಬಲ್ಲಿರಿ. 'ಮೂಕ' ಎಂಬ ಮಾತಂತೂ ಅನ್ಯಾಯದ್ದೇ. ಈ ಮಕ್ಕಳಲ್ಲಿ ಬಹುಪಾಲು ಜನರ ಗಂಟಲು, ನಾಲಿಗೆ ಸರಿಯಾಗಿಯೇ ಇರುತ್ತವೆ. ಕಿವಿಗೆ ಬೀಳದ ಮಾತು ಬಾಯಿಗೆ ಬಾರದು, ಅಷ್ಟೆ. ಕಿವಿ ಚೆನ್ನಾಗಿದ್ದೂ ತೊದಲುವ, ಉಗ್ಗುವ ಮಕ್ಕಳು ಮಾತ್ರ ಸಾಮಾನ್ಯ ಶಾಲೆಯ ಹಿಂದಿನ ಬೆಂಚಿನಲ್ಲೇ ಉಳಿದರು.

1965ರಲ್ಲಿ ಕೇಂದ್ರ ಸರ್ಕಾರ ಮೈಸೂರಿನಲ್ಲಿ ಒಂದು ಸಂಸ್ಥೆಯನ್ನು ಆರಂಭಿಸಿತು. ಮೊದಲು ಅದರ ಹೆಸರಿನಲ್ಲಿ 'ಲೋಗೋಪೀಡಿಕ್ಸ್' ಎಂಬ ಬಾಯಿ ತಿರುಗದ ಪದವಿತ್ತು. (ಮಾತು ತಿದ್ದುವ ಸಂಸ್ಥೆಗೆ ಇಂಥ ಹೆಸರೇ ಎಂದು ನಗು ಬರುತ್ತದೆ.) ಬಳಿಕ ಅದು ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಾಯಿತು. 1966ರಲ್ಲಿ ರಾಷ್ಟ್ರಪತಿ ಡಾ. ರಾಧಾಕೃಷ್ಣನ್ ಅವರು ಶಂಕುಸ್ಥಾಪನೆ ಮಾಡಿದರು. ಅವರು ಹಿಂದೆ ಮೈಸೂರಿನಲ್ಲೇ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಅದೇ ವರ್ಷ ಎಂ.ಎಸ್ಸಿ., 1968ರಲ್ಲಿ ಬಿ.ಎಸ್ಸಿ. ತರಗತಿಗಳು ಶುರುವಾದವು. ಸಂಸ್ಥೆಯ ಶಿಶುವಿಹಾರದಲ್ಲಿ ಮಗುವಿನ ಪಕ್ಕದಲ್ಲಿ ತಾಯಿಯೂ ಕುಳಿತು ಪಾಠ ಕಲಿಯುತ್ತಾಳೆ. ನಮಗೆ ಬಹಳ ಹಿಡಿಸಿದ್ದು ಇದೇ. ತರಬೇತಾದ ಚಿಕಿತ್ಸಕರು ಮಗುವಿಗೆ ಸಿಗುವುದು ದಿನಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ. ಉಳಿದ ಹೊತ್ತೆಲ್ಲ ಅಮ್ಮನದೇ.

ಆದರೆ ಆ ವಿದ್ಯೆಯ ಪುಸ್ತಕಗಳೂ ಪರೀಕ್ಷೆಗಳೂ ಅಮೆರಿಕದವು, ಇಂಗ್ಲಿಷಿನವು. ಇಂಗ್ಲಿಷಿನಲ್ಲಿ ಳಕಾರವೇ ಇಲ್ಲದ ಮೇಲೆ 'ಬಾಳೆಹಣ್ಣು' ಎನ್ನಲು ಬಾರದ ಮಗುವನ್ನು ಅವುಗಳಿಂದ ಅಳೆಯುವುದು ಹೇಗೆ? 1972ರಲ್ಲಿ ಬಾಬು, ರತ್ನ, ಬೆಟ್ಟಗೇರಿ ಎಂಬ ಮೂವರು ಕನ್ನಡದ್ದೇ ಉಚ್ಚಾರಣಾ ಪರೀಕ್ಷೆಯೊಂದನ್ನು ಸಿದ್ಧಪಡಿಸಿದರು. ಇಂಥ ಪರೀಕ್ಷೆಗಳಲ್ಲಿ ಚಿತ್ರ ತೋರಿಸಿ ಹೆಸರು ಹೇಳಿಸುತ್ತಾರೆ. ಯಾವ ಧ್ವನಿ, ಪದದ ಯಾವ ಜಾಗದಲ್ಲಿ ತಪ್ಪುತ್ತದೆಂದು ಗುರುತು ಹಾಕಿಕೊಳ್ಳುತ್ತಾರೆ. ಪ, ಮ ಬೇಗ ಬರುತ್ತವೆ, ರಕಾರ ತಡ. ಆದ್ದರಿಂದ ಮಗುವಿನ ವಯಸ್ಸನ್ನು ನೋಡದೆ ತಪ್ಪೆನ್ನುವಂತಿಲ್ಲ. ಹಳೇ ಮೈಸೂರಿನ ಕಡೆಯ ಮಗು 'ಹಾಲು' ಎನ್ನದೆ 'ಆಲು' ಎಂದರೆ ಅದು ದೋಷವಲ್ಲ, ಮನೆಯ ಮಾತು.

ನಮ್ಮ ಊರಿನಲ್ಲಿ ಲೆಕ್ಕ ಇನ್ನಷ್ಟು ಸಿಕ್ಕಲು. ಹಿಂದಿಯಲ್ಲಿ ಳಕಾರವಿಲ್ಲ. ಮರಾಠಿಯಲ್ಲಿದೆ, ಆದರೆ ಇಲ್ಲಿನ ವರ್ಹಾಡಿ ಮಾತಿನಲ್ಲಿ 'ಡೋಳಾ' ಎಂಬುದು 'ಡೋಯಾ' ಆಗುತ್ತದೆ. ಈ ಗಾಳಿಯಲ್ಲಿ ಬೆಳೆದ ನಮ್ಮ ಮಗು 'ಬಾಲೆಹಣ್ಣು' ಎಂದರೆ ನಾಲಿಗೆಯ ದೋಷವೋ, ಅಕ್ಕಪಕ್ಕದ ಮಾತಿನ ಪ್ರಭಾವವೋ? ಬೇರ್ಪಡಿಸಲು ಬಲ್ಲವರು ಬೇಕು. ಭಾಷೆ ಕಲಿಯುವ ಶಕ್ತಿಯಲ್ಲೇ ತೊಂದರೆಯಿದ್ದರೆ ಅದು ಮಗುವಿನ ಎಲ್ಲ ಭಾಷೆಗಳಲ್ಲೂ ಕಾಣುತ್ತದೆ. ಅಜ್ಜಿಯೊಡನೆ ಕನ್ನಡದಲ್ಲಿ ಹರಟೆ ಹೊಡೆದು ಶಾಲೆಯಲ್ಲಿ ಮಾತ್ರ ಬಾಯಿ ಮುಚ್ಚಿ ಕೂರುವ ಮಗುವಿಗೆ ಬೇಕಾದದ್ದು ಬಹುಮಟ್ಟಿಗೆ ಶಾಲೆಯ ಭಾಷೆಯ ರೂಢಿ.

ಎರಡು ಭಾಷೆ ಬುದ್ಧಿಗೆ ಭಾರ ಎಂಬ ನಂಬಿಕೆಗೂ ಇತಿಹಾಸವಿದೆ. 1923ರಲ್ಲಿ ಸೇರ್ ಎಂಬವರು ವೇಲ್ಸ್ ನಾಡಿನ ಹಳ್ಳಿಗಳ ದ್ವಿಭಾಷಿ ಮಕ್ಕಳು ಹಿಂದೆ ಬಿದ್ದಿದ್ದಾರೆಂದು ಬರೆದರು. ಪಟ್ಟಣದ ಮಕ್ಕಳಲ್ಲಿ ಆ ವ್ಯತ್ಯಾಸ ಕಂಡಿರಲಿಲ್ಲ, ಅದನ್ನು ಜನ ಮರೆತರು. 1962ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಹತ್ತು ವರ್ಷದ ಮಕ್ಕಳನ್ನು ಪರೀಕ್ಷಿಸಿದಾಗ ಎರಡು ಭಾಷೆ ಬಲ್ಲವರೇ ಮುಂದಿದ್ದರು. ಹಳೆಯ ಮಾತು ಮಾತ್ರ ಶಾಲೆಯ ಸ್ಟಾಫ್ ರೂಮುಗಳಲ್ಲಿ ಇನ್ನೂ ಓಡಾಡುತ್ತಿದೆ.

ಮಗುವನ್ನು ವಾಕ್ ಚಿಕಿತ್ಸಕರಲ್ಲಿಗೆ ಕರೆದೊಯ್ಯಬೇಕಾದಾಗ ತಡಮಾಡಬೇಡಿ. ಮೊದಲು ಕಿವಿಯ ಪರೀಕ್ಷೆ ಆಗಲಿ. ಹೋಗುವಾಗ ಮನೆಯಲ್ಲಿ ಯಾರು ಯಾವ ಭಾಷೆ ಆಡುತ್ತಾರೆ, ಮಗು ಯಾರೊಡನೆ ಏನೇನು ಹೇಳುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಮಗುವಿನ ಕನ್ನಡ ಪದಗಳನ್ನೂ ಬಿಡದೆ ಬರೆಯಿರಿ. ಅವರಿಗೆ ಕನ್ನಡ ಬಾರದಿದ್ದರೆ ಅರ್ಥ ಹೇಳಲು ನೀವಿದ್ದೀರಲ್ಲ.