ವೋಲ್ಟ್ ಒಂದನ್ನೇ ನಂಬಿದರೆ: ಮೈಲ್ಡ್ ಹೈಬ್ರಿಡ್ ಕಾರಿನ ಮೀಟರುಗಳು ನಡೆದು ಬಂದ ದಾರಿ

ಎಂಜಿನ್ ಓಡುತ್ತಿರುವಾಗ 12.4 ವೋಲ್ಟ್ ಕಂಡರೆ ಸಾಕು, ಆಲ್ಟರ್ನೇಟರ್ ಹೋಯಿತು ಎಂದು ಬಿಚ್ಚಿ ಕೂರುವವರು ಈಗ ಊರೂರಲ್ಲೂ ಇದ್ದಾರೆ. ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಅಗ್ಗದ ಓಬಿಡಿ ಡಾಂಗಲ್ ಮತ್ತು ಫೋನಿನಲ್ಲೊಂದು ಆಪ್ ಇದ್ದರೆ ಅಂಕಿಗಳನ್ನು ಯಾರು ಬೇಕಾದರೂ ಓದಬಹುದು. ಆದರೆ ಓದಿದ ಅಂಕಿಗೆ ಅರ್ಥ ಹಚ್ಚುವಾಗ ಹಳೆಯ ಕಾರಿನ ಲೆಕ್ಕವನ್ನೇ ಬಳಸುತ್ತಿದ್ದೇವೆ. ಚೆನ್ನಾಗಿರುವ ಬ್ಯಾಟರಿಗಳು ಗುಜರಿ ಸೇರುವುದು ಹೀಗೆಯೇ.

ವಿಲ್ಲಿಸ್ ಜೀಪಿನಲ್ಲಿ ಆಮ್ಮೀಟರ್ ಇತ್ತು. ಕರೆಂಟು ಬ್ಯಾಟರಿಗೆ ಹೋಗುತ್ತಿದೆಯೋ, ಅಲ್ಲಿಂದ ಬರುತ್ತಿದೆಯೋ ಎಂಬುದನ್ನು ಮುಳ್ಳು ವಾಲಿದ ದಿಕ್ಕೇ ಹೇಳುತ್ತಿತ್ತು. ಮುಂದೆ ಅದರ ಜಾಗಕ್ಕೆ ಕೆಂಪು ದೀಪವೊಂದು ಬಂತು, ದಿಕ್ಕು ಕಾಣದಾಯಿತು. 1999ರ ಹೋಂಡಾ ಇನ್‌ಸೈಟ್, ತನ್ನ 144 ವೋಲ್ಟ್ ಬ್ಯಾಟರಿಯ ಜೊತೆಗೆ ‘ಚಾರ್ಜ್’, ‘ಅಸಿಸ್ಟ್’ ಎಂಬ ಎರಡು ದಿಕ್ಕಿನ ಪಟ್ಟಿಯನ್ನೂ ತಂದು ಆ ತಿಳಿವಳಿಕೆಯನ್ನು ಮರಳಿಸಿತು. ನನ್ನ ಮಟ್ಟಿಗೆ ಇವತ್ತಿಗೂ ಅದಕ್ಕಿಂತ ಒಳ್ಳೆಯ ಮೀಟರು ಬಂದಿಲ್ಲ.

ನಮ್ಮ ಗ್ಯಾರೇಜುಗಳಿಗೆ ಮೈಲ್ಡ್ ಹೈಬ್ರಿಡ್ ವಿದ್ಯೆ ದೊಡ್ಡ ಪ್ರಮಾಣದಲ್ಲಿ ಬಂದದ್ದು 2015ರಲ್ಲಿ, ಮಾರುತಿಯ ಸಿಯಾಜ್ ಡೀಸೆಲ್ ಮೂಲಕ. ಬೆಲ್ಟಿನ ಮೇಲೆ ತಿರುಗುವ ಒಂದೇ ಯಂತ್ರ ಕರೆಂಟನ್ನೂ ಹುಟ್ಟಿಸುತ್ತದೆ, ಎಂಜಿನ್ನಿಗೆ ಕೈಯನ್ನೂ ಕೊಡುತ್ತದೆ. ಸರ್ಕಾರ 2017ರ ಏಪ್ರಿಲ್‌ನಿಂದ ಇಂಥ ಕಾರುಗಳಿಗೆ ‘ಫೇಮ್’ ಯೋಜನೆಯ ಸಹಾಯಧನ ನಿಲ್ಲಿಸಿತು. ಆದರೂ 2018ರ ಪೆಟ್ರೋಲ್ ಸಿಯಾಜ್‌ನಲ್ಲಿ ಸೀಸದ ಬ್ಯಾಟರಿಯ ಪಕ್ಕಕ್ಕೆ ಪುಟ್ಟ ಲಿಥಿಯಂ ಬ್ಯಾಟರಿಯೂ ಬಂತು. ಮಲ್ಟಿಮೀಟರಿನಿಂದ ಸ್ಕ್ಯಾನರಿಗೆ ದಾಟಿದ ನಮ್ಮ ತಲೆಮಾರು ನಿಜವಾಗಿ ಕಲಿತದ್ದು ಈ ಕಾರುಗಳಿಂದ. ಕಲಿತ ಮುಖ್ಯ ಪಾಠ: ಯಾವ ಅಂಕಿಯನ್ನೂ ಒಂಟಿಯಾಗಿ ಓದಬಾರದು.

ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ಹೊರೆ ಇಳಿಸಲು ಕಂಪ್ಯೂಟರೇ ಚಾರ್ಜು ತಗ್ಗಿಸುತ್ತದೆ. ವೋಲ್ಟ್ 12ರ ಆಸುಪಾಸಿಗೆ ಇಳಿಯುತ್ತದೆ. ಕಾಲು ತೆಗೆದ ಕೂಡಲೇ ಪೆಟ್ರೋಲ್ ಕಡಿತವಾಗುತ್ತದೆ, ಆರ್‌ಪಿಎಂ ಮಾತ್ರ 1500ರಲ್ಲೇ ಇರಬಹುದು. ಆಗ ಎಂಜಿನ್ನನ್ನು ತಿರುಗಿಸುತ್ತಿರುವುದು ಚಕ್ರ. ಅದೇ ಹೊತ್ತಿಗೆ ವೋಲ್ಟ್ 14ರ ಮೇಲೆ ಏರುತ್ತದೆ. ಅಂದರೆ ಇಳಿದದ್ದೂ ಏರಿದ್ದೂ ಎರಡೂ ಸರಿ. ಆರ್‌ಪಿಎಂ, ಆಕ್ಸಿಲರೇಟರ್, ವೋಲ್ಟ್ ಮೂರನ್ನೂ ಒಂದೇ ಪರದೆಯಲ್ಲಿ ಗ್ರಾಫ್ ಹಾಕಿ ನೋಡಿದರೆ ಹೊಸಬರಿಗೂ ಹತ್ತು ನಿಮಿಷದಲ್ಲಿ ಇದು ಗೊತ್ತಾಗುತ್ತದೆ.

ಡ್ಯಾಶ್‌ಬೋರ್ಡಿನ ಬ್ಯಾಟರಿ ಚಿತ್ರದ ಕಡ್ಡಿಗಳ ಕಥೆಯೂ ಇಂಥದ್ದೇ. ಬ್ರೇಕಿನಿಂದ ಬರುವ ಕರೆಂಟಿಗೆ ಜಾಗ ಬೇಕೆಂದು ಲಿಥಿಯಂ ಬ್ಯಾಟರಿಯನ್ನು ಪೂರ್ತಿ ತುಂಬಿಸುವುದಿಲ್ಲ. ಬಾಳಿಕೆಗಾಗಿ ಪೂರ್ತಿ ಬರಿದೂ ಮಾಡುವುದಿಲ್ಲ. ಕಡ್ಡಿಗಳು ಅರ್ಧಕ್ಕೆ ನಿಂತರೆ ಅದು ರೋಗವಲ್ಲ. ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ನಿಲ್ಲದಿದ್ದರೂ ಅಷ್ಟೇ: ಏಸಿಯ ಹೊರೆ, ಕಾಯದ ಎಂಜಿನ್, ಕಟ್ಟದ ಸೀಟ್ ಬೆಲ್ಟ್, ಯಾವುದಾದರೂ ಕಾರಣವಾಗಬಹುದು.

ಇನ್ನೊಂದು ಮಾತು. ಸೀಸದ ಬ್ಯಾಟರಿಯ ನೆಗೆಟಿವ್ ಟರ್ಮಿನಲ್‌ನಲ್ಲಿ ಕರೆಂಟು ಅಳೆಯುವ ಸೆನ್ಸರ್ ಇದ್ದರೆ, ಹೊಸ ಹಾರ್ನು, ಲೈಟುಗಳ ಅರ್ತ್ ವೈರನ್ನು ನೇರವಾಗಿ ಆ ಟರ್ಮಿನಲ್‌ಗೆ ಬಿಗಿಯಬೇಡಿ. ಆ ಕರೆಂಟು ಸೆನ್ಸರಿನ ಲೆಕ್ಕಕ್ಕೆ ಸಿಗುವುದೇ ಇಲ್ಲ. ಅರ್ತ್ ವೈರನ್ನು ಕಾರಿನ ಮೈಯ ಲೋಹಕ್ಕೆ ಬಿಗಿಯಿರಿ.

2019ರ ಎಂಜಿ ಹೆಕ್ಟರ್ 48 ವೋಲ್ಟ್ ಬ್ಯಾಟರಿ ತಂದಿತು. ಅದರಲ್ಲೂ ಸಾಮಾನ್ಯ ಡಾಂಗಲ್ ತೋರುವ ವೋಲ್ಟ್ 12ರ ಬ್ಯಾಟರಿಯದು, 48ರದ್ದಲ್ಲ.

ತೊಡಕಿರುವುದು ಇಲ್ಲೇ. ಓಬಿಡಿ ಹುಟ್ಟಿದ್ದು ಹೊಗೆಯ ನಿಯಂತ್ರಣಕ್ಕೆ. ಎಲ್ಲ ಕಂಪನಿಗಳಿಗೂ ಸಾಮಾನ್ಯವಾಗಿ ತೆರೆದಿರುವುದು ಹೆಚ್ಚಾಗಿ ಅದಕ್ಕೆ ಸಂಬಂಧಿಸಿದ ಮಾಹಿತಿ. ಲಿಥಿಯಂ ಬ್ಯಾಟರಿಯ ಕರೆಂಟು, ಉಷ್ಣತೆ, ಚಾರ್ಜಿನ ಶೇಕಡಾವಾರು ಲೆಕ್ಕ ಬಹುಪಾಲು ಆಯಾ ಕಂಪನಿಯ ಸ್ವಂತ ಕೋಡುಗಳಲ್ಲಿ ಅಡಗಿವೆ. ಮೈಲ್ಡ್ ಹೈಬ್ರಿಡ್ ರೂಪದಲ್ಲೂ ಸಿಗುವ ಹೈರೈಡರ್, ಗ್ರ್ಯಾಂಡ್ ವಿಟಾರಾ ಕಾರುಗಳು ತಯಾರಾಗುವುದು ನಮ್ಮ ಬಿಡದಿಯಲ್ಲೇ. ಅಲ್ಲಿಂದ ಹೊರಬರುವ ಕಾರಿನ ಬ್ಯಾಟರಿಗೆ ಎಷ್ಟು ಆಂಪಿಯರ್ ಹೋಗುತ್ತಿದೆ ಎಂಬುದು ಪಕ್ಕದ ರಾಮನಗರದ ಮೆಕ್ಯಾನಿಕ್‌ಗೂ ಕಾಣಬೇಕು. ವೋಲ್ಟ್ ತೆರೆದಿಟ್ಟು ಕರೆಂಟು ಮುಚ್ಚಿಟ್ಟರೆ ಅವನು ತಪ್ಪು ಓದುವುದು ಸಹಜ.

ಆ ಮಾಹಿತಿ ತೆರೆಯುವ ತನಕ ಕಾರಿನ ಮಾಲೀಕರು ಒಂದು ಕೆಲಸ ಮಾಡಬಹುದು. ಸೀಸದ ಬ್ಯಾಟರಿ ಬದಲಿಸಿ ಎಂದವರನ್ನು ಎರಡು ಪ್ರಶ್ನೆ ಕೇಳಿ: ರಾತ್ರಿಯಿಡೀ ನಿಂತ ಕಾರಿನಲ್ಲಿ ವೋಲ್ಟ್ ಎಷ್ಟಿತ್ತು? ಲೋಡ್ ಟೆಸ್ಟ್ ಏನು ತೋರಿಸಿತು? ಎರಡಕ್ಕೂ ಉತ್ತರ ಸಿಗದೆ ದುಡ್ಡು ಕೊಡಬೇಡಿ.