ಎರಡನೆಯವರಾಗಿ ಬಂದವರು

ಮುಚ್ಚಿದ ಬಾಗಿಲನ್ನು ಮೊದಲು ತೆರೆದವನನ್ನು ಚರಿತ್ರೆ ನೆನಪಿಡುತ್ತದೆ. ಅವನ ಬೆನ್ನಿಗೇ ಒಳಬಂದವನ ಹೆಸರು ಕೇಳಿದರೆ ನಾವು ತಡವರಿಸುತ್ತೇವೆ. ಅಮೆರಿಕದ ಬೇಸ್‌ಬಾಲ್ ಆಟಗಾರ ಲ್ಯಾರಿ ಡೋಬಿ ಅಂತಹ ಎರಡನೆಯವರು.

ಅಲ್ಲಿನ ಅಗ್ರಶ್ರೇಣಿಯ ಬೇಸ್‌ಬಾಲ್ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ಕಪ್ಪು ಜನಾಂಗದವರಿಗೆ ಮುಚ್ಚಿತ್ತು. ಅವರು ತಮ್ಮದೇ ಆದ ನೀಗ್ರೋ ಲೀಗ್‌ಗಳಲ್ಲಿ ಆಡಬೇಕಿತ್ತು. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡದ ಪರವಾಗಿ ಕಣಕ್ಕಿಳಿದು ನ್ಯಾಷನಲ್ ಲೀಗಿನಲ್ಲಿ ಆ ಕಟ್ಟಳೆಯನ್ನು ಮುರಿದರು. ಹನ್ನೊಂದು ವಾರಗಳ ತರುವಾಯ, ಜುಲೈ 5ರಂದು, ಇಪ್ಪತ್ತಮೂರರ ಡೋಬಿ ಕ್ಲೀವ್‌ಲ್ಯಾಂಡ್ ತಂಡವನ್ನು ಸೇರಿ ಅಮೆರಿಕನ್ ಲೀಗಿಗೆ ಕಾಲಿಟ್ಟರು. ಆ ಕಾಲದಲ್ಲಿ ವರ್ಷಾಂತ್ಯದ ವರ್ಲ್ಡ್ ಸೀರೀಸ್ ಹೊರತು ಈ ಎರಡು ಲೀಗ್‌ಗಳ ನಡುವೆ ಅಧಿಕೃತ ಪಂದ್ಯಗಳೇ ಇರಲಿಲ್ಲ. ಆದುದರಿಂದ ತಮ್ಮ ಲೀಗಿನ ಪಾಲಿಗೆ ಡೋಬಿಯವರೇ ಮೊದಲಿಗರು. ನಿಂದೆಗೆ ಮೊದಲಿಗರು, ಕೀರ್ತಿಗೆ ಎರಡನೆಯವರು!

ರಾಬಿನ್ಸನ್‌ರಿಗೆ ಮಾಂಟ್ರಿಯಲ್‌ನ ಕಿರಿಯ ತಂಡದಲ್ಲಿ ಒಂದು ವರ್ಷದ ಸಿದ್ಧತೆ ದೊರೆತಿತ್ತು. ಡೋಬಿಯವರಿಗೆ ಅದೂ ಇಲ್ಲ. ನೀಗ್ರೋ ಲೀಗಿನ ನ್ಯೂವಾರ್ಕ್ ಈಗಲ್ಸ್ ತಂಡದಿಂದ ನೇರವಾಗಿ ಷಿಕಾಗೋದ ಮೈದಾನಕ್ಕೆ ಬಂದರು. ನಾಯಕ ಲೂ ಬೂಡ್ರೋ ಅವರನ್ನು ಉಡುಪಿನ ಕೋಣೆಗೆ ಕರೆದೊಯ್ದು ಒಬ್ಬೊಬ್ಬರಿಗೂ ಪರಿಚಯಿಸಿದರು. ಕೆಲವರು ಕೈಕುಲುಕಿದರು, ಕೆಲವರು ಚಾಚಿದ ಕೈಯನ್ನು ಹಾಗೆಯೇ ಬಿಟ್ಟರು. ಆಟಕ್ಕೆ ಮುನ್ನ ಜೊತೆಗೂಡಿ ಚೆಂಡೆಸೆಯುವವರಿಲ್ಲದೆ ನಿಂತಿದ್ದಾಗ ಜೋ ಗಾರ್ಡನ್ ಎಂಬ ಹಿರಿಯ ಆಟಗಾರ ಅವರನ್ನು ಕರೆದರು. ಗಮನಿಸಿ: ಡೋಬಿ ಅಲ್ಲಿಯವರೆಗೆ ಆಡುತ್ತಿದ್ದದ್ದು ಈ ಗಾರ್ಡನ್‌ರ ಸ್ಥಾನದಲ್ಲಿಯೇ.

ಆ ವರ್ಷ ಡೋಬಿ 32 ಬಾರಿ ಬ್ಯಾಟ್ ಬೀಸಲು ನಿಂತು ಐದು ಬಾರಿ ಮಾತ್ರ ಸಫಲರಾದರು. ಮುಂದಿನ ವರ್ಷ ಅವರನ್ನು ಔಟ್‌ಫೀಲ್ಡರ್ ಆಗಿಸಲಾಯಿತು. ನಮ್ಮ ಕ್ರಿಕೆಟ್ಟಿನಲ್ಲಿ ಬೌಂಡರಿ ಕಾಯುವವನಂತೆ ಎತ್ತರದ ಚೆಂಡಿಗಾಗಿ ದೂರ ಓಡಬೇಕಾದ ಸ್ಥಾನವದು. ಹಿಂದಿನ ತಲೆಮಾರಿನ ದಿಗ್ಗಜ ಟ್ರಿಸ್ ಸ್ಪೀಕರ್ ಅವರನ್ನು ತಿದ್ದಿದರು. ಆದರೆ ಅರಿಜೋನಾದ ಟೂಸಾನ್‌ನಲ್ಲಿ ವಸಂತಕಾಲದ ತರಬೇತಿ ನಡೆಯುವಾಗ ತಂಡದ ಹೋಟೆಲಿನಲ್ಲಿ ಅವರಿಗೆ ಜಾಗವಿರಲಿಲ್ಲ. ಒಂದು ಕಪ್ಪು ಕುಟುಂಬದ ಮನೆಯಲ್ಲಿ ಉಳಿದುಕೊಳ್ಳುತ್ತಿದ್ದರು. ಸಂಜೆಯಾದೊಡನೆ ಗೆಳೆಯರೆಲ್ಲ ಒಂದು ದಾರಿ ಹಿಡಿದರೆ ತಾನೊಬ್ಬನೇ ಇನ್ನೊಂದು ದಾರಿ ಹಿಡಿಯುವ ಆಟಗಾರನನ್ನು ನೀವೇ ಊಹಿಸಿಕೊಳ್ಳಿ.

1948ರ ಅಕ್ಟೋಬರ್ 9ರಂದು, ವರ್ಲ್ಡ್ ಸೀರೀಸ್‌ನ ನಾಲ್ಕನೆಯ ಪಂದ್ಯ. ಕ್ಲೀವ್‌ಲ್ಯಾಂಡಿನಲ್ಲಿ 81,897 ಜನ ನೆರೆದಿದ್ದರು. ಡೋಬಿ ಹೊಡೆದ ಹೋಮ್ ರನ್‌ನಿಂದಾಗಿ ತಂಡವು ಬಾಸ್ಟನ್ ವಿರುದ್ಧ 2–1ರಿಂದ ಗೆದ್ದಿತು. ವರ್ಲ್ಡ್ ಸೀರೀಸ್‌ನಲ್ಲಿ ಕಪ್ಪು ಆಟಗಾರನೊಬ್ಬನ ಮೊದಲ ಹೋಮ್ ರನ್ ಅದು. ಪಂದ್ಯ ಮುಗಿದ ಮೇಲೆ ಉಡುಪಿನ ಕೋಣೆಯಲ್ಲಿ ಬಿಳಿಯ ಚೆಂಡೆಸೆತಗಾರ ಸ್ಟೀವ್ ಗ್ರೋಮೆಕ್ ಅವರನ್ನು ಬಾಚಿ ತಬ್ಬಿಕೊಂಡರು. ಕೆನ್ನೆಗೆ ಕೆನ್ನೆ ತಾಗಿಸಿ ಇಬ್ಬರೂ ನಗುತ್ತಿದ್ದ ಆ ಚಿತ್ರವು ಪತ್ರಿಕೆಗಳಲ್ಲಿ ಅಚ್ಚಾಯಿತು. ಕಪ್ಪು ಬಿಳುಪಿನವರು ಒಂದೇ ಹೋಟೆಲಿನಲ್ಲಿ ಮಲಗಲಾರದ ನಾಡಿನಲ್ಲಿ ಜನ ಅದನ್ನು ಕಣ್ಣರಳಿಸಿ ನೋಡಿರಬೇಕು.

ಕ್ಲೀವ್‌ಲ್ಯಾಂಡ್ ಆ ಸರಣಿಯನ್ನು ಗೆದ್ದಿತು. 1952 ಮತ್ತು 1954ರಲ್ಲಿ ಡೋಬಿ ತಲಾ 32 ಹೋಮ್ ರನ್‌ಗಳೊಂದಿಗೆ ಲೀಗಿನಲ್ಲೇ ಮುಂದಿದ್ದರು. ಒಟ್ಟು ಗಳಿಕೆ 253. 1978ರಲ್ಲಿ ಷಿಕಾಗೋ ತಂಡದ ಮ್ಯಾನೇಜರ್ ಆದಾಗಲೂ ವಿಧಿ ಬಿಡಲಿಲ್ಲ: ಫ್ರಾಂಕ್ ರಾಬಿನ್ಸನ್ ನಂತರ ಆ ಹುದ್ದೆಗೇರಿದ ಎರಡನೆಯ ಕಪ್ಪು ವ್ಯಕ್ತಿ ಅವರು. ಬೇಸ್‌ಬಾಲಿನ ಹಾಲ್ ಆಫ್ ಫೇಮ್ ಗೌರವ ಜಾಕಿ ರಾಬಿನ್ಸನ್‌ರಿಗೆ 1962ರಲ್ಲೇ ಸಂದಿತ್ತು. ಡೋಬಿಯವರು 1998ರವರೆಗೆ ಕಾಯಬೇಕಾಯಿತು. 2003ರ ಜೂನ್ 18ರಂದು ಅವರು ತೀರಿಕೊಂಡರು.

ಅವರು ಹುಟ್ಟಿ ನೂರು ವರ್ಷ ತುಂಬಿದ 2023ರ ಡಿಸೆಂಬರ್ 13ರಂದು ಅಮೆರಿಕದ ಸಂಸತ್ತಿನ ಚಿನ್ನದ ಪದಕವನ್ನು ಮರಣೋತ್ತರವಾಗಿ ನೀಡಲಾಯಿತು. ಪದಕದ ಹಿಂಬದಿಯಲ್ಲಿ ಗ್ರೋಮೆಕ್ ಮತ್ತು ಡೋಬಿ ಇನ್ನೂ ತಬ್ಬಿಕೊಂಡೇ ಇದ್ದಾರೆ.