ಒಇಎಂ ಪ್ರೊಸೆಸರ್

ಒಇಎಂ ಪ್ರೊಸೆಸರ್ ಎಂಬುದು ಅಂಗಡಿಗಳಲ್ಲಿ ಬಿಡಿಯಾಗಿ ಮಾರಾಟವಾಗದೆ, ಸಿದ್ಧ ಗಣಕಯಂತ್ರಗಳನ್ನು ತಯಾರಿಸುವ ಸಂಸ್ಥೆಗಳಿಗೆ ಮಾತ್ರ ಪೂರೈಕೆಯಾಗುವ ಕೇಂದ್ರ ಸಂಸ್ಕರಣ ಘಟಕ. ಒಇಎಂ ಎಂದರೆ ಮೂಲ ಉಪಕರಣ ತಯಾರಕ. ಇಂಟೆಲ್ ಮತ್ತು ಎಎಂಡಿ ಎರಡೂ ಸಂಸ್ಥೆಗಳು ಇಂತಹ ಮಾದರಿಗಳನ್ನು ಹೊರತಂದಿವೆ. ಇವುಗಳಲ್ಲಿ ಕೆಲವು ನಂತರ ಚಿಲ್ಲರೆ ಮಾರುಕಟ್ಟೆಗೆ ಬಂದಿವೆ. ಉಳಿದವು ಹಳೆಯ ಯಂತ್ರಗಳನ್ನು ಬಿಚ್ಚಿದಾಗ ಮಾತ್ರ ಬಳಕೆದಾರರ ಕೈಗೆ ಸಿಗುವುದರಿಂದ ಅಪರೂಪವೆನಿಸಿವೆ.

ಮಾರಾಟದ ವಿಧಾನ

ಚಿಲ್ಲರೆ ಪ್ರೊಸೆಸರ್ ಮುದ್ರಿತ ಪೆಟ್ಟಿಗೆಯಲ್ಲಿ, ಕೆಲವೊಮ್ಮೆ ಶಾಖ ನಿವಾರಕದೊಂದಿಗೆ ಮಾರಾಟವಾಗುತ್ತದೆ. ಅದರ ಖಾತರಿಯನ್ನು ಚಿಪ್ ತಯಾರಕ ಸಂಸ್ಥೆಯೇ ನೇರವಾಗಿ ನೀಡುತ್ತದೆ. ಯಂತ್ರ ತಯಾರಕರಿಗೆ ಹೋಗುವ ಪ್ರೊಸೆಸರ್‌ಗಳನ್ನು ಹಲವು ಚಿಪ್‌ಗಳು ಹಿಡಿಯುವ ತಟ್ಟೆಗಳಲ್ಲಿ ಜೋಡಿಸಿ ಕಳುಹಿಸಲಾಗುತ್ತದೆ. ಆದ್ದರಿಂದ ಇವುಗಳಿಗೆ ‘ಟ್ರೇ’ ಪ್ರೊಸೆಸರ್ ಎಂಬ ಹೆಸರೂ ಇದೆ. ಇವುಗಳ ಖಾತರಿಯ ಹೊಣೆ ಸಾಮಾನ್ಯವಾಗಿ ಯಂತ್ರ ತಯಾರಕ ಅಥವಾ ಮಾರಾಟಗಾರನದು.

ಟ್ರೇ ರೂಪದಲ್ಲಿ ಸಿಗುವ ಪ್ರತಿಯೊಂದು ಪ್ರೊಸೆಸರ್ ಅಪರೂಪದ್ದಲ್ಲ. ಒಂದೇ ಮಾದರಿ ಪೆಟ್ಟಿಗೆ ಮತ್ತು ಟ್ರೇ ಎರಡೂ ರೂಪಗಳಲ್ಲಿ ದೊರೆಯಬಹುದು. ಪೆಟ್ಟಿಗೆಯ ರೂಪವೇ ಇಲ್ಲದ ಮಾದರಿಗಳನ್ನು ಮಾತ್ರ ‘ಒಇಎಂ ಮಾತ್ರ’ ಎಂದು ವರ್ಗೀಕರಿಸಲಾಗುತ್ತದೆ.

ಪ್ರಮುಖ ಉದಾಹರಣೆಗಳು

ಎಫ್ಎಕ್ಸ್-9590: ಎಎಂಡಿ ಸಂಸ್ಥೆಯು 2013ರ ಜೂನ್‌ನಲ್ಲಿ ಪ್ರಕಟಿಸಿದ ಈ ಪ್ರೊಸೆಸರ್‌ನ ಗರಿಷ್ಠ ವೇಗ 5 ಗಿಗಾಹರ್ಟ್ಸ್. ಇದರ 220 ವ್ಯಾಟ್ ಶಾಖವನ್ನು ಸಾಮಾನ್ಯ ಮದರ್‌ಬೋರ್ಡ್‌ಗಳು ತಾಳಲಾರವಾದ್ದರಿಂದ, ಮೊದಲಿಗೆ ಯಂತ್ರ ಜೋಡಣೆಗಾರರಿಗೆ ಮಾತ್ರ ನೀಡಲಾಯಿತು. ನಂತರ ಚಿಲ್ಲರೆ ಮಾರಾಟವೂ ಆರಂಭವಾಯಿತು.

ಜಿಯಾನ್ ಇ5-2666 ವಿ3: ಅಮೆಜಾನ್‌ನ ಕ್ಲೌಡ್ ಸೇವೆಗಾಗಿ ಇಂಟೆಲ್ ವಿಶೇಷವಾಗಿ ರೂಪಿಸಿದ ಸರ್ವರ್ ಪ್ರೊಸೆಸರ್. 2014ರಲ್ಲಿ ಘೋಷಿತವಾದ ಸಿ4 ಸೇವಾ ವರ್ಗದಲ್ಲಿ ಇದನ್ನು ಬಳಸಲಾಯಿತು.

ಕೋರ್ ಐ9-9990ಎಕ್ಸ್ಇ: 14 ಕೋರ್‌ಗಳ ಈ ಪ್ರೊಸೆಸರನ್ನು 2019ರಲ್ಲಿ ಇಂಟೆಲ್ ನಿಗದಿತ ಬೆಲೆಯಿಲ್ಲದೆ, ಆಯ್ದ ಯಂತ್ರ ಜೋಡಣೆಗಾರರ ನಡುವೆ ಹರಾಜಿನ ಮೂಲಕ ಮಾರಿತು. ಎಲ್ಲ ಕೋರ್‌ಗಳೂ 5 ಗಿಗಾಹರ್ಟ್ಸ್ ವೇಗ ತಲುಪಬಲ್ಲ ಚಿಪ್‌ಗಳು ವಿರಳವಾಗಿದ್ದುದರಿಂದ ಪೂರೈಕೆ ಅತ್ಯಲ್ಪವಾಗಿತ್ತು. ಇದಕ್ಕೆ ಇಂಟೆಲ್ ಖಾತರಿಯನ್ನೂ ನೀಡಲಿಲ್ಲ.

ರೈಜೆನ್ 7 ಪ್ರೊ 4750ಜಿ: 2020ರ ಜುಲೈನಲ್ಲಿ ಬಿಡುಗಡೆಯಾದ, ಗ್ರಾಫಿಕ್ಸ್ ಘಟಕವನ್ನು ಒಳಗೊಂಡ 8 ಕೋರ್‌ಗಳ ಪ್ರೊಸೆಸರ್. ಯಂತ್ರ ತಯಾರಕರಿಗೆಂದು ಮೀಸಲಾಗಿದ್ದರೂ ಜಪಾನಿನಲ್ಲಿ ಬಿಡಿಯಾಗಿಯೂ ಮಾರಾಟವಾಯಿತು. ಅದರ ನಂತರದ ರೈಜೆನ್ 7 5700ಜಿ 2021ರ ಏಪ್ರಿಲ್‌ನಲ್ಲಿ ತಯಾರಕರಿಗೆ, ಅದೇ ವರ್ಷದ ಆಗಸ್ಟ್‌ನಲ್ಲಿ ಚಿಲ್ಲರೆ ಗ್ರಾಹಕರಿಗೆ ಲಭ್ಯವಾಯಿತು.

ಥ್ರೆಡ್‌ರಿಪ್ಪರ್ ಪ್ರೊ 3995ಡಬ್ಲ್ಯುಎಕ್ಸ್: 64 ಕೋರ್‌ಗಳ ಈ ಪ್ರೊಸೆಸರ್ 2020ರ ಜುಲೈನಲ್ಲಿ ಪ್ರಕಟವಾದಾಗ ಲೆನೊವೊ ಸಂಸ್ಥೆಯ ಥಿಂಕ್‌ಸ್ಟೇಷನ್ ಪಿ620 ಯಂತ್ರದೊಂದಿಗೆ ಮಾತ್ರ ದೊರೆಯುತ್ತಿತ್ತು. ಬಿಡಿ ಮಾರಾಟ 2021ರಲ್ಲಿ ಆರಂಭವಾಯಿತು.

ಗುರುತಿಸುವಿಕೆ

ಪ್ರೊಸೆಸರ್‌ನ ಲೋಹದ ಮುಚ್ಚಳದ ಮೇಲೆ ಕೆತ್ತಿರುವ ಸಂಕೇತವೇ ಅದನ್ನು ಗುರುತಿಸುವ ಮುಖ್ಯ ಆಧಾರ. ಇಂಟೆಲ್ ಚಿಪ್‌ಗಳಲ್ಲಿ ‘ಎಸ್’ ಅಕ್ಷರದಿಂದ ಆರಂಭವಾಗುವ ಎಸ್-ಸ್ಪೆಕ್ ಸಂಕೇತವಿರುತ್ತದೆ. ‘ಕ್ಯೂ’ ಅಕ್ಷರದಿಂದ ಆರಂಭವಾಗುವ ಸಂಕೇತವು ಅದು ಪರೀಕ್ಷಾ ಮಾದರಿ ಎಂಬುದನ್ನು ಸೂಚಿಸುತ್ತದೆ. ಅಂತಹ ಮಾದರಿಗಳು ಮಾರಾಟಕ್ಕೆ ಉದ್ದೇಶಿಸಿದವಲ್ಲ. ಎಎಂಡಿ ಚಿಪ್‌ಗಳನ್ನು ಒಪಿಎನ್ ಎಂಬ ಬಿಡಿಭಾಗ ಸಂಖ್ಯೆಯಿಂದ ಗುರುತಿಸಲಾಗುತ್ತದೆ.

ಹಳೆಯ ಸಾಮಗ್ರಿಗಳ ಮಾರುಕಟ್ಟೆಯಲ್ಲಿ ಮಾದರಿಯ ಹೆಸರಿಗಿಂತ ಈ ಸಂಕೇತವನ್ನು ಆಧರಿಸಿ ಹುಡುಕುವುದು ಹೆಚ್ಚು ನಿಖರ. ಮುಚ್ಚಳದ ಬರಹವನ್ನು ಅಳಿಸಿ ಬೇರೆ ಹೆಸರು ಕೆತ್ತುವ ವಂಚನೆಯೂ ಇದೆ. ಆದ್ದರಿಂದ ಚಿಪ್ ಕೈಸೇರಿದ ಮೇಲೆ ಸಿಪಿಯು-ಜೆಡ್‌ನಂತಹ ತಂತ್ರಾಂಶದಿಂದ ಅದು ತನ್ನ ಬಗ್ಗೆ ನೀಡುವ ವಿವರಗಳನ್ನು ಸಂಕೇತದೊಡನೆ ತಾಳೆ ನೋಡಲಾಗುತ್ತದೆ.

ಬಳಕೆಯ ಮಿತಿಗಳು

ಪ್ರೊಸೆಸರ್ ಮದರ್‌ಬೋರ್ಡಿನ ಸಾಕೆಟ್‌ನಲ್ಲಿ ಕೂರುತ್ತದೆ ಎಂದ ಮಾತ್ರಕ್ಕೆ ಕೆಲಸ ಮಾಡುತ್ತದೆ ಎಂದಲ್ಲ. ಮದರ್‌ಬೋರ್ಡಿನ ಬಯೋಸ್ ಆ ಮಾದರಿಯನ್ನು ಗುರುತಿಸುವಂತಿರಬೇಕು. ಚಿಲ್ಲರೆಯಾಗಿ ಮಾರಾಟವಾಗದ ಮಾದರಿಗಳು ಬೋರ್ಡ್ ತಯಾರಕರು ಪ್ರಕಟಿಸುವ ಬೆಂಬಲ ಪಟ್ಟಿಯಲ್ಲಿ ಇಲ್ಲದಿರುವುದುಂಟು.

ಇದಕ್ಕಿಂತ ಗಂಭೀರವಾದುದು ತಯಾರಕರ ಬೀಗ. ಎಎಂಡಿಯ ಎಪಿಕ್, ಥ್ರೆಡ್‌ರಿಪ್ಪರ್ ಪ್ರೊ ಮತ್ತು ಕೆಲವು ರೈಜೆನ್ ಪ್ರೊ ಪ್ರೊಸೆಸರ್‌ಗಳಲ್ಲಿ ಪ್ಲಾಟ್‌ಫಾರ್ಮ್ ಸೆಕ್ಯೂರ್ ಬೂಟ್ ಎಂಬ ಸುರಕ್ಷತಾ ವ್ಯವಸ್ಥೆಯಿದೆ. ಯಂತ್ರ ತಯಾರಕರು ಇದನ್ನು ಸಕ್ರಿಯಗೊಳಿಸಿದರೆ, ಅವರ ಡಿಜಿಟಲ್ ಕೀಲಿಯ ಗುರುತು ಚಿಪ್‌ನೊಳಗಿನ ಸೂಕ್ಷ್ಮ ಫ್ಯೂಸ್‌ಗಳಲ್ಲಿ ಶಾಶ್ವತವಾಗಿ ದಾಖಲಾಗುತ್ತದೆ. ಅನಂತರ ಆ ಪ್ರೊಸೆಸರ್ ಅದೇ ಕೀಲಿಯಿಂದ ಸಹಿಯಾದ ಫರ್ಮ್‌ವೇರ್ ಇರುವ ಬೋರ್ಡ್‌ಗಳಲ್ಲಿ ಮಾತ್ರ ಚಾಲನೆಗೊಳ್ಳುತ್ತದೆ. ಫರ್ಮ್‌ವೇರ್‌ನಲ್ಲಿ ದುಷ್ಕರ್ಮಿಗಳು ಕೈಯಾಡಿಸದಂತೆ ತಡೆಯುವುದು ಇದರ ಉದ್ದೇಶ.

ಈ ದಾಖಲೆಯನ್ನು ಅಳಿಸಲು ಸಾಧ್ಯವಿಲ್ಲ. ಚಿಪ್‌ನ ಹೊರಮೈ ನೋಡಿ ಅದನ್ನು ತಿಳಿಯಲೂ ಆಗದು. ಪಿ620 ಯಂತ್ರದಿಂದ ತೆಗೆದ ಥ್ರೆಡ್‌ರಿಪ್ಪರ್ ಪ್ರೊ ಹೀಗೆ ಲೆನೊವೊ ಬೋರ್ಡ್‌ಗಳಿಗೆ ಸೀಮಿತವಾಗಿರಬಹುದು. ಪರಿಣಾಮವಾಗಿ, ಯಾವ ದೋಷವೂ ಇಲ್ಲದ ಪ್ರೊಸೆಸರ್ ಕೂಡ ಮೂಲ ಯಂತ್ರದ ಬೋರ್ಡ್ ಕೆಟ್ಟ ಬಳಿಕ ಮರುಬಳಕೆಗೆ ಒದಗದೆ ವಿದ್ಯುನ್ಮಾನ ತ್ಯಾಜ್ಯವಾಗುವ ಸಂಭವವಿದೆ. ಈ ಕಾರಣದಿಂದ ಹಳೆಯ ಸರ್ವರ್ ಮತ್ತು ವರ್ಕ್‌ಸ್ಟೇಷನ್ ಪ್ರೊಸೆಸರ್‌ಗಳ ವಹಿವಾಟಿನಲ್ಲಿ, ಚಿಪ್ ಯಾವ ತಯಾರಕರ ಯಂತ್ರದಿಂದ ಬಂದದ್ದು ಎಂಬ ಮಾಹಿತಿ ಅದರ ಮಾದರಿ ಸಂಖ್ಯೆಯಷ್ಟೇ ಮುಖ್ಯವಾಗುತ್ತದೆ.